ಬೆಂಗಾಲ್ ಹಡಗಿನ ‘12 ಪೌಂಡರ್’: ನಾನು ಎಡವಿದ ಜಾಗ

1942ರ ನವೆಂಬರ್ 11, ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳ ನೈಋತ್ಯಕ್ಕೆ. ರಾಯಲ್ ಇಂಡಿಯನ್ ನೇವಿಯ ಬೆಂಗಾಲ್, ಡಚ್ ಟ್ಯಾಂಕರ್ ಒಂಡಿನಾಕ್ಕೆ ಬೆಂಗಾವಲಾಗಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಿಂದ ಡಿಯೆಗೊ ಗಾರ್ಸಿಯಾ ದ್ವೀಪಕ್ಕೆ ಹೊರಟಿತ್ತು. (ಹೆಸರಷ್ಟೇ ಬೆಂಗಾಲ್, ಕಟ್ಟಿದ್ದು ಸಿಡ್ನಿಯಲ್ಲಿ.) ಎದುರಾದದ್ದು ಜಪಾನಿನ ಎರಡು ರೈಡರ್‌ಗಳು (ಸರಕು ಹಡಗುಗಳ ಮೇಲೆ ದಾಳಿ ಮಾಡುವ ಹಡಗುಗಳು), ಹೊಕೊಕು ಮಾರು ಮತ್ತು ಐಕೊಕು ಮಾರು. ಅವು ಒಂದೊಂದೂ ಹತ್ತು ಸಾವಿರ ಟನ್ನಿನವು. ಬೆಂಗಾಲ್ ಸುಮಾರು 650.

ಅವರದು 140 ಮಿಮೀ ತೋಪುಗಳು, ಬೆಂಗಾಲ್‌ದು ಒಂದೇ ಒಂದು 12 ಪೌಂಡರ್ ಎಂದು ಓದಿ ನಾನು ಎರಡು ದಿನ ತಲೆ ಕೆರೆದುಕೊಂಡೆ. 140 ದೊಡ್ಡದೋ, 12 ದೊಡ್ಡದೋ? ಹೋಲಿಸುವುದಾದರೂ ಹೇಗೆ? ವಿಷಯ ಇಷ್ಟೇ: ‘ಪೌಂಡರ್’ ಅಂದರೆ ಗುಂಡಿನ ತೂಕ, ಮಿಮೀ ಅಂದರೆ ನಳಿಗೆಯ ಬಾಯಿಯ ಅಗಲ. 12 ಪೌಂಡರ್‌ನ ಬಾಯಿ 76 ಮಿಮೀ.

ಹಾಗಾದರೆ ಎರಡು ಪಟ್ಟೂ ಇಲ್ಲವಲ್ಲ ಎಂದು ಸಮಾಧಾನಪಟ್ಟೆ. ತಪ್ಪು! ಗುಂಡು ಅಗಲವಾದಂತೆ ಉದ್ದವೂ ಬೆಳೆಯುತ್ತದೆ, ಹಾಗಾಗಿ ತೂಕ ಎಷ್ಟು ಪಟ್ಟು ಎಂದು ತಿಳಿಯಲು ಅಗಲದ ಅನುಪಾತಕ್ಕೆ ಘನ ಹಾಕಬೇಕು. 140 ಭಾಗಿಸು 76 ಅಂದರೆ 1.84, ಅದರ ಘನ 6.2. 12 ಪೌಂಡ್ ಅಂದರೆ 5.4 ಕೆಜಿ, ಗುಣಿಸಿದರೆ ಸುಮಾರು 34 ಕೆಜಿ. ಜಪಾನಿ ಗುಂಡಿನ ನಿಜವಾದ ತೂಕ 38. ಬಾಯಿಲೆಕ್ಕಕ್ಕೆ ಇಷ್ಟು ಹತ್ತಿರ ಬಂದರೆ ಸಾಕು.

ಈ ಲೆಕ್ಕ ಕೈಗೆ ಬಂದಮೇಲೆ ಬೆಂಗಾಲ್‌ನ ನಾಯಕ ಲೆಫ್ಟಿನೆಂಟ್ ಕಮಾಂಡರ್ ವಿಲ್ಸನ್ ಮಾಡಿದ್ದು ಬೇರೆಯೇ ಕಾಣಿಸಿತು. ಒಂಡಿನಾಕ್ಕೆ ತಪ್ಪಿಸಿಕೊಳ್ಳಲು ಹೇಳಿ, ತಾನು ಶತ್ರುವಿನತ್ತಲೇ ಹಡಗು ತಿರುಗಿಸಿದ. ಗೆಲ್ಲುವುದಕ್ಕಲ್ಲ, ಟ್ಯಾಂಕರ್‌ಗೆ ಸಮಯ ಸಿಗಲಿ ಎಂದು.

ಮುಳುಗಿದ್ದು ಮಾತ್ರ ಹೊಕೊಕು ಮಾರು! ಒಂದು ಗುಂಡು ತಗುಲಿ ಬೆಂಕಿ ಹತ್ತಿ ಸ್ಫೋಟಿಸಿತು. ಆ ಗುಂಡು ನಮ್ಮದೇ ಎಂದು ಬೆಂಗಾಲ್, ಒಂಡಿನಾ ಎರಡೂ ಹಡಗಿನವರು ಹೇಳಿಕೊಂಡರು. ಒಂಡಿನಾದ ತೋಪು 102 ಮಿಮೀ. ಅದೇ ಘನದ ಲೆಕ್ಕದಲ್ಲಿ ಅದರ ಗುಂಡು ಬೆಂಗಾಲ್ ಗುಂಡಿನ 2.4 ಪಟ್ಟು ಭಾರ, ಹಾಗಾಗಿ ನನ್ನ ಓಟು ಒಂಡಿನಾಕ್ಕೆ. (ಲೆಕ್ಕ ಸಾಕ್ಷಿಯಲ್ಲ, ಗೊತ್ತು.)

ಮದ್ದುಗುಂಡು ಮುಗಿಯುತ್ತಾ ಬಂದಾಗ ಬೆಂಗಾಲ್, ಒಂಡಿನಾ ಹೋಯಿತೆಂದೇ ತಿಳಿದು, ಡಿಯೆಗೊ ಗಾರ್ಸಿಯಾ ಸೇರಿತು. ಅದರಲ್ಲಿ ಒಬ್ಬರೂ ಸಾಯಲಿಲ್ಲ. ಒಂಡಿನಾದ ಕ್ಯಾಪ್ಟನ್ ಹೋರ್ಸ್‌ಮನ್ ಸತ್ತಿದ್ದ. ಹಡಗಿಗೆ ಟಾರ್ಪೆಡೊ ಬಡಿದಿತ್ತು, ದೋಣಿಗಿಳಿದವರ ಮೇಲೂ ಜಪಾನಿಯರು ಮೆಷಿನ್‌ಗನ್ ಹಾರಿಸಿದ್ದರು. ಐಕೊಕು ಮಾರು ಹೊರಟುಹೋದ ಮೇಲೆ ಉಳಿದವರು ಮತ್ತೆ ಹಡಗು ಹತ್ತಿ ಬೆಂಕಿ ಆರಿಸಿದರು. ಒಂದು ವಾರದಲ್ಲಿ ಫ್ರೀಮ್ಯಾಂಟಲ್‌ಗೆ ವಾಪಸ್ ಬಂದರು.