ಪಿಯುಸಿ ನಂತರ ಬಯಾಲಜಿ ಮುಟ್ಟಿಲ್ಲ, ಅಂತರಶಿಸ್ತೀಯ ಪಿಎಚ್‌.ಡಿ.ಗೆ ಅರ್ಜಿ ಹಾಕಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ಜೀವವಿಜ್ಞಾನ ಮತ್ತು ಎಂಜಿನಿಯರಿಂಗ್ ಕೂಡುವ ಕಡೆ ಸಂಶೋಧನೆ ಮಾಡುವ ಆಸೆ. ಇಂಟರ್‌ವ್ಯೂ ಹೊತ್ತಿಗೆ ಬಯಾಲಜಿ ಎಷ್ಟು ಓದಿಕೊಂಡಿರಬೇಕು?

ಉತ್ತರ: ಧಾರಾಳವಾಗಿ ಅರ್ಜಿ ಹಾಕಿ. ಐಐಎಸ್‌ಸಿಯ ಬಯೋಎಂಜಿನಿಯರಿಂಗ್ ವಿಭಾಗಕ್ಕೆ ಎಂಜಿನಿಯರಿಂಗ್ ಓದಿದವರೂ ಬರುತ್ತಾರೆ. ಆದರೆ ಮೂರು ತಿಂಗಳು ಬಯಾಲಜಿ ಗಟ್ಟು ಹೊಡೆದು, ಸ್ವಂತ ವಿಷಯವನ್ನೇ ಮರೆತು ಹೋಗಬೇಡಿ. ಇಂಟರ್‌ವ್ಯೂನಲ್ಲಿ ಬಹಳ ಜನ ಎಡವುವುದು ಅಲ್ಲೇ. ಬಯಾಲಜಿ ಗೊತ್ತಿಲ್ಲ ಎಂದರೆ ಸಮಿತಿಯವರು ಕ್ಷಮಿಸಬಹುದು, ಹೀಟ್ ಟ್ರಾನ್ಸ್‌ಫರ್ ಗೊತ್ತಿಲ್ಲ ಎಂದರೆ ಕ್ಷಮಿಸುವುದು ಕಷ್ಟ.

ಒಂದು ಉದಾಹರಣೆ ನೋಡಿ. ನೀವು ಓದಿದ ಉಷ್ಣವಹನದ ಸಮೀಕರಣವೇ ಜೀವಕೋಶದೊಳಗೆ ಅಣುಗಳ ವಿಸರಣೆಗೂ (ಡಿಫ್ಯೂಷನ್, ಅಂದರೆ ತಾವಾಗಿ ಹರಡಿಕೊಳ್ಳುವುದಕ್ಕೂ) ಸಲ್ಲುತ್ತದೆ. ಒಂದು ಪ್ರೋಟೀನಿನ ವಿಸರಣಾಂಕ, ಅಂದರೆ ಅದು ಹರಡುವ ವೇಗದ ಅಳತೆ, ಸೆಕೆಂಡಿಗೆ 10 ಚದರ ಮೈಕ್ರೋಮೀಟರ್ ಎಂದಿಟ್ಟುಕೊಳ್ಳಿ. ದೂರದ ವರ್ಗವನ್ನು ವಿಸರಣಾಂಕದ ಆರು ಪಟ್ಟಿನಿಂದ ಭಾಗಿಸಿದರೆ ಹಿಡಿಯುವ ಕಾಲದ ಅಂದಾಜು ಸಿಗುತ್ತದೆ. 10 ಮೈಕ್ರೋಮೀಟರ್ ಕೋಶ ದಾಟಲು ಎರಡು ಸೆಕೆಂಡೂ ಬೇಡ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ಒಂದು ಮೀಟರ್ ಉದ್ದದ ನರತಂತುವಿನಲ್ಲಾದರೆ? 500 ವರ್ಷಕ್ಕೂ ಹೆಚ್ಚು! ದೂರ ಲಕ್ಷ ಪಟ್ಟು ಬೆಳೆದರೆ ಕಾಲ ಅದರ ವರ್ಗದಷ್ಟು ಬೆಳೆಯುತ್ತದೆ. ನರಕೋಶ ಸರಕು ಹೊರಲು ಮೋಟಾರ್ ಪ್ರೋಟೀನುಗಳನ್ನು ಇಟ್ಟುಕೊಂಡಿರುವುದು ಅದಕ್ಕೇ. ಈ ಲೆಕ್ಕವನ್ನು ಬೋರ್ಡಿನ ಮೇಲೆ ನಿಧಾನವಾಗಿ ಮಾಡಿ ತೋರಿಸಬಲ್ಲವರಿಗೆ ಬಯಾಲಜಿಯ ಬಾಗಿಲು ಆಗಲೇ ಅರ್ಧ ತೆರೆದಿದೆ. ಇಂಥ ಎರಡು ವಿಷಯ ಆರಿಸಿಕೊಂಡು ಬೇರಿನವರೆಗೆ ಓದಿ. ಬಯಾಲಜಿಯಲ್ಲಿ ಕೋಶದ ರಚನೆ, ಡಿಎನ್‌ಎಯಿಂದ ಪ್ರೋಟೀನ್ ಆಗುವ ದಾರಿ ತಿಳಿದಿದ್ದರೆ ಆರಂಭಕ್ಕೆ ಸಾಕು.

ಉದ್ದೇಶ ಪತ್ರ ಕೇಳಿದರೆ ‘ಬಾಲ್ಯದಿಂದಲೂ ವಿಜ್ಞಾನವೆಂದರೆ ಇಷ್ಟ’ ಎಂಬ ಸಾಲು ಬೇಡ. ಕಾಡುವ ಒಂದು ಪ್ರಶ್ನೆ, ಅದಕ್ಕೆ ನಿಮ್ಮ ಕೈಲಿರುವ ವಿದ್ಯೆ, ಇನ್ನೂ ಕಲಿಯಬೇಕಾದದ್ದು, ಇಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. ಪ್ರಾಜೆಕ್ಟ್ ನಾಲ್ವರದಾಗಿದ್ದರೆ ನಿಮ್ಮ ಪಾಲಿನ ಕೆಲಸವನ್ನು ಬೇರೆಯಾಗಿಯೇ ಹೇಳಿ. ಶಿಫಾರಸು ಪತ್ರಕ್ಕೆ ಹೆಸರಾಂತ ಪ್ರಿನ್ಸಿಪಾಲರಿಗಿಂತ ನಿಮ್ಮ ಕೆಲಸ ಕಂಡ ಗೈಡ್ ಮೇಲು. ಅವರನ್ನು ಒಂದು ತಿಂಗಳು ಮೊದಲೇ ಕೇಳಿ.

ಎಂಜಿನಿಯರಿಂಗ್ ಓದಿದವರ ಅರ್ಹತಾ ಪರೀಕ್ಷೆಯಾದ ಗೇಟ್‌ನ ನೋಂದಣಿ ಪರೀಕ್ಷೆಯ ಹಿಂದಿನ ವರ್ಷದ ಆಗಸ್ಟ್-ಸೆಪ್ಟೆಂಬರ್ ಸುಮಾರಿಗೇ ನಡೆಯುತ್ತದೆ, ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಐಐಎಸ್‌ಸಿ ಅರ್ಜಿ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್‌ನಲ್ಲಿ. ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ಗೆ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಜೆಜೀಬಿಲ್ಸ್ ಎಂಬ ಬೇರೆಯೇ ಪರೀಕ್ಷೆಯಿದೆ.

ಇನ್ನೊಂದು ಮಾತು, ಕರ್ನಾಟಕದವರಿಗೆ ಮುಖ್ಯವಾಗಿ. ಸಿಇಟಿಗೆ ಕೊಟ್ಟ 2ಎ, 3ಬಿ ಪ್ರಮಾಣಪತ್ರ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಇದ್ದರೆ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಪಡೆಯಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗಲೇ ‘ಕೇಂದ್ರದ್ದು’ ಎಂದು ಬಾಯಿಬಿಟ್ಟು ಹೇಳಿ, ಕೈಗೆ ಬಂದ ಮೇಲೆ ಹೆಸರಿನ ಇನಿಷಿಯಲ್ ಅಂಕಪಟ್ಟಿಯಲ್ಲಿದ್ದಂತೆಯೇ ಇದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.