ಸೀಟ್ ಬೆಲ್ಟಿನೊಳಗೆ ಒಂದು ಗೋಲಿ

ಹಿರಿಯಡ್ಕದ ಹತ್ತಿರ ನನ್ನ ಅತ್ತೆಯ ಮನೆ. ಮುಖ್ಯರಸ್ತೆಯಿಂದ ಅಂಗಳಕ್ಕೆ ಹೋಗುವ ದಾರಿಯನ್ನು ಮುರಕಲ್ಲಿನ ಗುಡ್ಡ ಕಡಿದು ಮಾಡಿದ್ದಾರೆ. ಹತ್ತು ಅಡಿ ಮುಂದೆ ಹೋದರೆ ಎರಡೂವರೆ ಅಡಿ ಮೇಲೇರಿರುತ್ತೀರಿ, ಅಷ್ಟು ಏರು. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಬೇರೆ. ಫೋರ್ ವೀಲ್ ಡ್ರೈವ್ ಗಾಡಿ ಬೇಕೇ ಬೇಕು ಅಂತ ಮನೆಯಲ್ಲಿ ಒಪ್ಪಿಸಿದ್ದು ಇದೇ ದಾರಿಯನ್ನು ತೋರಿಸಿ.

ಕಳೆದ ವರ್ಷ ಅಲ್ಲೊಂದು ಪೂಜೆ. ಅಂಗಳದ ತುಂಬ ಶಾಮಿಯಾನ, ಹಾಗಾಗಿ ಗಾಡಿಯನ್ನು ಆ ಏರಿನಲ್ಲೇ ನಿಲ್ಲಿಸಿದ್ದೆ. ಮಧ್ಯಾಹ್ನ ಊಟ ಮುಗಿಸಿ ಅತ್ತೆಯನ್ನು ಉಡುಪಿಗೆ ಕರೆದುಕೊಂಡು ಹೋಗಬೇಕಿತ್ತು. ಅವರು ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಎಳೆದರು. ನಾಲ್ಕು ಇಂಚು ಬಂತು, ಟಕ್ ಅಂತ ನಿಂತಿತು. ಬಿಟ್ಟು ಮತ್ತೆ ಎಳೆದರು, ಮತ್ತೆ ಟಕ್. ನಾನು ಇಳಿದು ಆ ಕಡೆಗೆ ಹೋಗಿ ಗಂಡಸುತನ ತೋರಿಸುವವನ ಹಾಗೆ ಜೋರಾಗಿ ಎಳೆದೆ. ಈ ಸಲ ಎರಡೇ ಇಂಚು ಬಂತು. "ಬಿಡಿ ಮಾರಾಯ್ರೆ, ಇದು ನಿಮ್ಮ ಮಾವನ ಹಾಗೆ. ಜೋರು ಮಾಡಿದಷ್ಟೂ ಬಗ್ಗುವುದಿಲ್ಲ" ಅಂದರು ಅತ್ತೆ. ಕೊನೆಗೆ ಬೆಲ್ಟ್ ಇಲ್ಲದೆಯೇ ನಿಧಾನಕ್ಕೆ ಕೆಳಗಿಳಿದು ರಸ್ತೆ ಬದಿಯಲ್ಲಿ ನಿಂತೆವು. ಅಲ್ಲಿ ಎಳೆದರೆ ಬೆಣ್ಣೆಯ ಹಾಗೆ ಬಂತು.

ಮರುದಿನ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ನೆಲ ಕೇರಂ ಬೋರ್ಡಿನಷ್ಟು ಮಟ್ಟ. "ಸರಿ ಉಂಟಲ್ಲ ಸರ್" ಅಂದ ಹುಡುಗ. ಇಳಿಜಾರಿನ ಕಥೆ ಹೇಳಿದೆ. "ಎಲ್ಲ ಗಾಡಿಯದ್ದೂ ಹಾಗೆಯೇ. ಬೇಕಿದ್ದರೆ ಪೂರ್ತಿ ಸೆಟ್ ಚೇಂಜ್ ಮಾಡುವ" ಅಂದ. ಹಾಗೆಯೇ ಅಂದರೆ ಯಾಕೆ ಹಾಗೆ? ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಎಲ್ಲ ಗಾಡಿಯದ್ದೂ ಹಾಗೆಯೇ ಆದರೆ ಪೂರ್ತಿ ಸೆಟ್ ಬದಲಿಸಿ ಎಂತ ಪ್ರಯೋಜನ, ಅದಕ್ಕೂ ಇರಲಿಲ್ಲ. ಸಿಟ್ಟಿನಲ್ಲಿ ಮನೆಗೆ ಬಂದು ನಾನೇ ಓದಲು ಕೂತೆ. ಹುಡುಗ ಹೇಳಿದ್ದು ಮುಕ್ಕಾಲು ಪಾಲು ಸರಿ ಅಂತ ಗೊತ್ತಾದಾಗ ಸಿಟ್ಟು ಇನ್ನೂ ಜಾಸ್ತಿ ಆಯಿತು, ಅದು ಬೇರೆ ವಿಷಯ.

ಮೂರು ಕಡೆ ಹಿಡಿಯುವ ಇವತ್ತಿನ ಬೆಲ್ಟನ್ನು ರೂಪಿಸಿದ್ದು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್, 1959ರಲ್ಲಿ. ಅದಕ್ಕೆ ಮೊದಲು ಅವರು ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟನ್ನು ಸೀಟಿನ ಸಮೇತ ಹೊರಗೆ ಎಸೆಯುವ ವ್ಯವಸ್ಥೆ ಮಾಡುತ್ತಿದ್ದರು. ಮನುಷ್ಯನನ್ನು ಹೊರಗೆಸೆಯುವ ಕೆಲಸ ಬಿಟ್ಟು ಒಳಗೆ ಹಿಡಿದಿಡುವ ಕೆಲಸಕ್ಕೆ ಬಂದರು ಅನ್ನಿ. ಆದರೆ ಆಗಿನ ಬೆಲ್ಟಿಗೆ ಸುತ್ತಿಕೊಳ್ಳುವ ಸುರುಳಿ ಇರಲಿಲ್ಲ. ಚೀಲದ ಪಟ್ಟಿಯ ಹಾಗೆ ನಾವೇ ಉದ್ದ ಗಿಡ್ಡ ಮಾಡಿಕೊಳ್ಳಬೇಕಿತ್ತು. ಬಿಗಿ ಮಾಡಿದರೆ ರೇಡಿಯೋ ಗುಂಡಿಗೆ ಕೈ ಎಟಕುವುದಿಲ್ಲ, ಸಡಿಲ ಬಿಟ್ಟರೆ ಬೆಲ್ಟ್ ಇದ್ದೂ ಪ್ರಯೋಜನವಿಲ್ಲ.

ಆ ಕಷ್ಟಕ್ಕೆ ಮದ್ದಾಗಿ ಬಂದದ್ದು ರಿಟ್ರ್ಯಾಕ್ಟರ್, ಅಂದರೆ ಬಾಗಿಲ ಪಕ್ಕದ ಕಂಬದೊಳಗೆ ಕೂತಿರುವ ಸುರುಳಿ ಪೆಟ್ಟಿಗೆ. ಅದರ ಒಂದು ಬದಿಯಲ್ಲಿ ಹಳೇ ಗಡಿಯಾರದಲ್ಲಿರುವಂಥ ಸುತ್ತು ಸ್ಪ್ರಿಂಗ್ ಇದೆ, ಬೆಲ್ಟನ್ನು ಯಾವಾಗಲೂ ಒಳಕ್ಕೆ ಎಳೆಯುವುದು ಅದರ ಕೆಲಸ. ಇನ್ನೊಂದು ಬದಿಯಲ್ಲಿ ಹಲ್ಲುಚಕ್ರ, ಕೊಕ್ಕೆ, ಮತ್ತು ಒಂದು ಪುಟ್ಟ ಬಟ್ಟಲಿನಲ್ಲಿ ಕೂತ ಲೋಹದ ಗೋಲಿ. ಎಲ್ಲ ರಗಳೆಯೂ ಈ ಗೋಲಿಯದ್ದು.

ಅಡುಗೆಮನೆಯಿಂದ ಸೌಟು ತಂದು ಅದರಲ್ಲೊಂದು ಗೋಲಿ ಇಡಿ. ಹಿಡಿದುಕೊಂಡು ನಡೆಯಿರಿ. ಸುಮ್ನೆ ನಡೆದರೆ ಗೋಲಿ ತಳದಲ್ಲೇ ಇರುತ್ತದೆ. ತಟ್ಟನೆ ನಿಂತರೆ ಮುಂದಕ್ಕೆ ಏರುತ್ತದೆ. ಬೆಲ್ಟಿನ ಪೆಟ್ಟಿಗೆಯೊಳಗೂ ಇಷ್ಟೇ. ಬ್ರೇಕ್ ಹಾಕಿದಾಗ ಗೋಲಿ ಬಟ್ಟಲಿನ ಅಂಚಿಗೆ ಏರಿ, ತನ್ನ ಮೇಲೆ ಮಲಗಿರುವ ಸಣ್ಣ ಸನ್ನೆಕೋಲನ್ನು ಎತ್ತುತ್ತದೆ. ಸನ್ನೆಕೋಲಿನ ತುದಿ ಹಲ್ಲುಚಕ್ರಕ್ಕೆ ಸಿಕ್ಕುತ್ತದೆ. ಆ ಸಣ್ಣ ಹಿಡಿತ ಸುರುಳಿಯ ದೊಡ್ಡ ಕೊಕ್ಕೆಯನ್ನು ಕರೆಯುತ್ತದೆ, ನಿಮ್ಮ ಭಾರ ತಡೆಯುವುದು ಆ ದೊಡ್ಡ ಕೊಕ್ಕೆ. ಗೋಲಿ ಬರೀ ಚಾಡಿ ಹೇಳುವ ಕೆಲಸ ಮಾಡುತ್ತದೆ. ಇದಕ್ಕೆ ಕರೆಂಟ್ ಬೇಡ, ಬ್ಯಾಟರಿ ಸತ್ತಿದ್ದರೂ ನಡೆಯುತ್ತದೆ. ನನಗೆ ಇದು ತುಂಬ ಇಷ್ಟವಾದ ಸಂಗತಿ.

ಎಷ್ಟು ಜೋರಾದ ಬ್ರೇಕಿಗೆ ಗೋಲಿ ಏಳಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ನಿಯಮ ಇದೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 16ನೆಯದು ಬೆಲ್ಟುಗಳದ್ದು. ಅದರ ಪ್ರಕಾರ ಸಾಮಾನ್ಯ ಕಾರಿನಲ್ಲಿ 0.45 ಜಿ ಮುಟ್ಟುವಷ್ಟರಲ್ಲಿ ಬೆಲ್ಟ್ ಲಾಕ್ ಆಗಲೇಬೇಕು. ಒಂದು ಜಿ ಅಂದರೆ ಬಿಟ್ಟ ತೆಂಗಿನಕಾಯಿ ನೆಲಕ್ಕೆ ಬೀಳುವಾಗಿನ ವೇಗೋತ್ಕರ್ಷ, ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್. 0.45 ಜಿ ಅಂದರೆ 60 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಸುಮಾರು ನಾಲ್ಕು ಸೆಕೆಂಡಿನಲ್ಲಿ ನಿಲ್ಲುವಂಥ ಬ್ರೇಕು.

ಈಗ ಸೌಟನ್ನು ಮತ್ತೆ ಕೈಗೆ ತೆಗೆದುಕೊಳ್ಳಿ. ಈ ಸಲ ನಡೆಯಬೇಡಿ. ನಿಂತಲ್ಲೇ ಸೌಟನ್ನು ಓರೆ ಮಾಡಿ.

ಗೋಲಿ ಅಂಚಿಗೆ ಬಂತು ಅಲ್ವಾ? ಬ್ರೇಕು ಇಲ್ಲ, ವೇಗ ಇಲ್ಲ, ಏನೂ ಇಲ್ಲ. ಗೋಲಿಗೆ ಮಾತ್ರ ಎರಡೂ ಒಂದೇ. ಲೆಕ್ಕ ಹಾಕಿದರೆ, 0.45 ಜಿ ಬ್ರೇಕಿಗೆ ಏಳುವ ಹಾಗೆ ಕೊರೆದ ಬಟ್ಟಲಿನ ಓರೆ ಸುಮಾರು 24 ಡಿಗ್ರಿ ಇರಬೇಕು. ಅದೇ ಬಟ್ಟಲನ್ನು 24 ಡಿಗ್ರಿ ವಾಲಿಸಿದರೂ ಗೋಲಿ ಎದ್ದೇ ಏಳುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ದಾರಿಯೇ ಇಲ್ಲ. ಪೆಟ್ಟಿಗೆಯೊಳಗೆ ಕೂತವನಿಗೆ ಪೆಟ್ಟಿಗೆ ವಾಲಿದೆಯೋ, ವೇಗ ಬದಲಾಗುತ್ತಿದೆಯೋ ಹೇಳಲು ಸಾಧ್ಯವಿಲ್ಲ. 1907ರಲ್ಲಿ ಬರ್ನ್ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಐನ್‌ಸ್ಟೈನ್ ಇದೇ ಎಳೆಯನ್ನು ಹಿಡಿದು ಹೊರಟು ಗುರುತ್ವದ ಹೊಸ ಸಿದ್ಧಾಂತವನ್ನೇ ಕಟ್ಟಿದರು. ನಾನು ಅದನ್ನು ಅತ್ತೆಯ ಮನೆಯ ಏರಿನಲ್ಲಿ ಬೆವರು ಸುರಿಸಿ ಕಂಡುಕೊಂಡೆ.

ಇದರ ಇನ್ನೊಂದು ಮುಖ ಮಜವಾಗಿದೆ. ಗಾಡಿ ಬ್ರೇಕೂ ಇಲ್ಲದೆ, ಗೇರೂ ಇಲ್ಲದೆ, ಯಾವ ತಡೆಯೂ ಇಲ್ಲದೆ ಇಳಿಜಾರಿನಲ್ಲಿ ಜಾರಿಕೊಂಡು ಹೋಗುತ್ತಿದ್ದರೆ ಗೋಲಿ ಬಟ್ಟಲಿನ ತಳದಲ್ಲೇ ತಣ್ಣಗೆ ಕೂತಿರುತ್ತದೆ. ಗಾಡಿಯೂ ಗೋಲಿಯೂ ಒಟ್ಟಿಗೆ ಜಾರುತ್ತಿರುತ್ತವೆ, ಗೋಲಿಗೆ ಇಳಿಜಾರು ಗೊತ್ತೇ ಆಗುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಮಾತ್ರ ಇದನ್ನು ಪರೀಕ್ಷೆ ಮಾಡಲು ಹೋಗಬೇಡಿ.

ನಿಯಮ ಮಾಡಿದವರಿಗೂ ಈ ಓರೆಯ ಸಂಗತಿ ಗೊತ್ತು. 12 ಡಿಗ್ರಿಯವರೆಗೆ ವಾಲಿದರೆ ಲಾಕ್ ಆಗಬಾರದು, 27 ಡಿಗ್ರಿ ದಾಟಿದರೆ ಆಗಲೇಬೇಕು ಅಂತ ಬರೆದಿಟ್ಟಿದ್ದಾರೆ. ನಡುವೆ ಎಲ್ಲಿ ಬೇಕಾದರೂ ಆಗಬಹುದು, ಅದು ತಯಾರಕರ ಇಷ್ಟ. ನಮ್ಮ ಘಾಟಿ ರಸ್ತೆಗಳ ಏರು ಸಾಮಾನ್ಯವಾಗಿ ಕೆಲವೇ ಡಿಗ್ರಿ, ಗೋಲಿ ಕ್ಯಾರೇ ಅನ್ನುವುದಿಲ್ಲ. ಅತ್ತೆಯ ಮನೆಯ ದಾರಿ 14 ಡಿಗ್ರಿ. ಅಂದರೆ ಸರಿಯಾಗಿ ಆ ನಡುವಿನ ಜಾಗಕ್ಕೆ ಬಂದು ಕೂತಿದೆ! ಬಟ್ಟಲು ಸ್ವಲ್ಪ ಚಪ್ಪಟೆಯಾಗಿದ್ದರೆ ನಿಂತ ಗಾಡಿಯಲ್ಲೇ ಲಾಕ್. ಬಟ್ಟಲು 24 ಡಿಗ್ರಿಯದ್ದೇ ಇದ್ದರೂ ಅರ್ಧಕ್ಕಿಂತ ಜಾಸ್ತಿ ಸಹನೆ ಇಳಿಜಾರಿಗೇ ಖರ್ಚಾಗಿರುತ್ತದೆ, ಆಮೇಲೆ 0.2 ಜಿ ಅಷ್ಟು ಕುಲುಕಾಟ ಸಾಕು. ಬಾಗಿಲು ದಡಾರನೆ ಹಾಕಿದರೂ ಆಯಿತು, ಹಿಂದಿನ ಸೀಟಿಗೆ ಮಕ್ಕಳು ಹಾರಿ ಕೂತರೂ ಆಯಿತು. ಸರಕು ಸಾಗಿಸುವ ಗಾಡಿ, ಬಸ್ಸುಗಳಿಗೆ ಇದೇ ನಿಯಮದಲ್ಲಿ ಸಡಿಲವಾದ ಬಗೆಯೊಂದಿದೆ. ಅದರ ಮಿತಿ 0.85 ಜಿ ಮತ್ತು 40 ಡಿಗ್ರಿ. ಕಾಡುದಾರಿಗೆ ಅಂತಲೇ ಮಾರುವ ಗಾಡಿಗೆ ಪೇಟೆ ಕಾರಿನ ಬಟ್ಟಲನ್ನೇ ಕೊಡುತ್ತಾರಲ್ಲ, ನನ್ನ ತಕರಾರು ಇರುವುದು ಅಲ್ಲಿ. ಅದರ ಹಿಂದೆ ಕಾರಣವೂ ಇದೆ, ಬೇಗ ಲಾಕ್ ಆದಷ್ಟೂ ಅಪಘಾತದಲ್ಲಿ ಮನುಷ್ಯ ಮುಂದಕ್ಕೆ ಹೋಗುವುದು ಕಡಿಮೆ. ಒಪ್ಪುತ್ತೇನೆ. ಆದರೂ ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಒಂದು ಸಾಲು ಬರೆಯಬಹುದಿತ್ತು.

ಜೋರಾಗಿ ಎಳೆದಾಗ ಇನ್ನೂ ಬೇಗ ನಿಂತದ್ದು ಗೋಲಿಯಿಂದ ಅಲ್ಲ. ಅಲ್ಲಿ ಎರಡನೇ ಕಾವಲುಗಾರ ಇದ್ದಾನೆ. ಸುರುಳಿಯ ಜೊತೆ ತಿರುಗುವ ಒಂದು ಸಣ್ಣ ಬಿಲ್ಲೆ. ಸುರುಳಿ ನಿಧಾನಕ್ಕೆ ತಿರುಗಿದರೆ ಅದೂ ಜೊತೆಗೇ ತಿರುಗುತ್ತದೆ, ಝಟ್ಟನೆ ತಿರುಗಿದರೆ ಅದು ಜಡತ್ವದಿಂದ ಹಿಂದೆ ಉಳಿದು ಕೊಕ್ಕೆಯನ್ನು ತಳ್ಳುತ್ತದೆ. ಹಾಗಾಗಿ ಸಿಟ್ಟು ಮಾಡಿದಷ್ಟೂ ಲಾಕ್. ಅತ್ತೆ ಹೇಳಿದ್ದು ಭೌತಶಾಸ್ತ್ರದ ಪ್ರಕಾರವೂ ಸರಿ.

ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಆ ದಾರಿ ಹೇಗಿದೆ ಅಂತ ಗೊತ್ತು. ಅಂಥ ದಾರಿಯಲ್ಲಿ ಬೆಲ್ಟ್ ಹಾಕಿಕೊಂಡರೆ ಇನ್ನೊಂದು ಅವಸ್ಥೆ. ಗಾಡಿ ಗುಂಡಿಗೆ ಇಳಿದಾಗ ಮೈ ಸೀಟಿನೊಳಗೆ ಕುಸಿಯುತ್ತದೆ, ಬೆಲ್ಟ್ ಸಡಿಲವಾಗುತ್ತದೆ, ಸ್ಪ್ರಿಂಗ್ ಅಷ್ಟನ್ನೂ ಒಳಗೆಳೆದುಕೊಳ್ಳುತ್ತದೆ. ಮೈ ಮೇಲೆದ್ದಾಗ ಬಿಟ್ಟುಕೊಡಬೇಕು, ಅಷ್ಟರಲ್ಲಿ ಕುಲುಕಾಟಕ್ಕೆ ಗೋಲಿ ಎದ್ದು ಲಾಕ್ ಆಗಿರುತ್ತದೆ. ಮುಂದಿನ ಗುಂಡಿಯಲ್ಲಿ ಮತ್ತೆ ಅರ್ಧ ಇಂಚು ಒಳಗೆ. ಒಳಗೆ ಹೋಗುವುದಕ್ಕೆ ಯಾವಾಗಲೂ ಅನುಮತಿ ಇದೆ, ಹೊರಗೆ ಬರುವುದಕ್ಕೆ ಇಲ್ಲ. ಹತ್ತು ನಿಮಿಷದಲ್ಲಿ ಬೆಲ್ಟ್ ಕುತ್ತಿಗೆ ಹಿಸುಕಲು ಶುರು ಮಾಡುತ್ತದೆ. ಆಗ ಬೆಲ್ಟನ್ನು ಎಳೆದಾಡಬೇಡಿ. ಸ್ವಲ್ಪ ಮಟ್ಟವಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಬೆನ್ನನ್ನು ಸೀಟಿಗೆ ಒತ್ತಿ. ಬೆಲ್ಟ್ ಇನ್ನೂ ಒಂದಿಷ್ಟು ಒಳಗೆ ಹೋದಾಗ ಕೊಕ್ಕೆ ಹಲ್ಲಿನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ನಿಧಾನಕ್ಕೆ ಎಳೆದರೆ ಬರುತ್ತದೆ.

ಹಾಗಾದರೆ ರಿಟ್ರ್ಯಾಕ್ಟರ್ ಕೆಡುವುದೇ ಇಲ್ಲವಾ? ಕೆಡುತ್ತದೆ. ಮಟ್ಟವಾದ ನೆಲದಲ್ಲಿ, ನಿಂತ ಗಾಡಿಯಲ್ಲಿ, ನಿಧಾನಕ್ಕೆ ಎಳೆದರೂ ಬರುವುದಿಲ್ಲ ಅಂದರೆ ಅದು ನಿಜವಾದ ದೋಷ. ಝಟ್ಟನೆ ಎಳೆದರೂ ನಿಲ್ಲುವುದಿಲ್ಲ ಅಂದರೆ ಅದಕ್ಕಿಂತ ದೊಡ್ಡ ದೋಷ, ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ. ನನ್ನ ಗೆಳೆಯನೊಬ್ಬ ಹಳೇ ಜೀಪಿಗೆ ಗುಜರಿಯಿಂದ ಬೇರೆ ಯಾವುದೋ ಕಾರಿನ ಬೆಲ್ಟ್ ತಂದು ಹಾಕಿಸಿದ. ಮೊದಲ ದಿನದಿಂದಲೇ ಲಾಕ್. ಪೆಟ್ಟಿಗೆಯನ್ನು ಬೇರೊಂದು ಓರೆಯಲ್ಲಿ ಬೋಲ್ಟ್ ಮಾಡಿದ್ದರು. ಗಾಡಿ ಮಟ್ಟವಾಗಿ ನಿಂತಿದ್ದರೂ ಬಟ್ಟಲು ಮಾತ್ರ ಯಾವಾಗಲೂ ಗುಡ್ಡ ಹತ್ತುತ್ತಿತ್ತು! ಆ ಬಟ್ಟಲು ಯಾವ ಗಾಡಿಯ ಯಾವ ಕಂಬಕ್ಕೆ ಅಂತ ಮಾಡಿದ್ದೋ ಅಲ್ಲಿ ಮಾತ್ರ ಮಟ್ಟವಾಗಿ ಕೂರುತ್ತದೆ.

ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಜಾಸ್ತಿ ಕಾಣುವುದು ಉಲ್ಟಾ ತೊಂದರೆ, ಬೆಲ್ಟ್ ಒಳಗೆ ಹೋಗುವುದೇ ಇಲ್ಲ. ಸೋಮಾರಿಯ ಹಾಗೆ ನೇತಾಡುತ್ತಾ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಸ್ಪ್ರಿಂಗ್ ಹೋಯಿತು ಅನ್ನುತ್ತಾರೆ. ಅನೇಕ ಸಲ ಸ್ಪ್ರಿಂಗ್ ಸರಿಯಾಗಿಯೇ ಇರುತ್ತದೆ. ಭುಜದ ಮೇಲೆ ಕಂಬದಲ್ಲಿ ಒಂದು ಬಳೆ ಇದೆಯಲ್ಲ, ಬೆಲ್ಟ್ ಅದರ ಮೂಲಕ ಬಾಗಿ ಬರುತ್ತದೆ, ಕೊಳೆ ಕೂರುವುದು ಅಲ್ಲಿ. ಬೇಸಿಗೆಯ ಬೆವರು, ಕೆಂಪು ಧೂಳು, ಮಳೆಗಾಲದ ಬೂಷ್ಟು, ತಲೆಯ ತೆಂಗಿನೆಣ್ಣೆ ಎಲ್ಲ ಸೇರಿ ಅಲ್ಲೊಂದು ಅಂಟು ಪದರ. ಮಲ್ಪೆ ದಕ್ಕೆಯಲ್ಲಿ ಬೋಟು ಕಟ್ಟುವವರನ್ನು ನೋಡಿ. ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಒಂದೇ ಕೈಯಲ್ಲಿ ಬೋಟು ಹಿಡಿಯುತ್ತಾರೆ. ಸುತ್ತಿದ ಹಗ್ಗದಲ್ಲಿ ತಿಕ್ಕಾಟ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಬೆಲ್ಟಿನ ಬಳೆಯಲ್ಲಿ ಇರುವುದು ಅರ್ಧ ಸುತ್ತಿಗಿಂತ ಸ್ವಲ್ಪ ಕಮ್ಮಿ. ತಿಕ್ಕಾಟದ ಗುಣಾಂಕ 0.2 ಇದ್ದರೆ ಬೆಲ್ಟಿನ ಆ ಕಡೆಯ ಸೆಳೆತಕ್ಕಿಂತ ಸ್ಪ್ರಿಂಗ್ ಸುಮಾರು 1.7 ಪಟ್ಟು ಜಾಸ್ತಿ ಎಳೆಯಬೇಕು, ಕೊಳೆಯಿಂದ ಅದು 0.4 ಆದರೆ ಹತ್ತಿರ ಹತ್ತಿರ ಮೂರು ಪಟ್ಟು. ಆ ಮೆತ್ತಗಿನ ಸ್ಪ್ರಿಂಗಿಗೆ ಅದು ಆಗದ ಕೆಲಸ.

ತೊಳೆಯುವುದು ಸುಲಭ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಮತ್ತೆ ಒಳಗೆ ಓಡದ ಹಾಗೆ ಮೇಲೆ ಒಂದು ಕ್ಲಿಪ್ ಹಾಕಿ. ಉಗುರುಬೆಚ್ಚಗಿನ ನೀರು, ಮೆದು ಸೋಪು, ಬಟ್ಟೆ, ಇಷ್ಟು ಸಾಕು. ಬಳೆಯ ಒಳಗನ್ನೂ ಒರೆಸಿ. ನನ್ನ ಬಟ್ಟೆ ಚಹಾದ ಬಣ್ಣಕ್ಕೆ ತಿರುಗಿತ್ತು. ಬ್ಲೀಚು ಬೇಡ, ಅದು ನೂಲನ್ನೇ ತಿನ್ನುತ್ತದೆ. ಚೆನ್ನಾಗಿ ಒಣಗಿದ ಮೇಲೆಯೇ ಒಳಗೆ ಬಿಡಿ. ಜುಲೈಯಲ್ಲಿ ಈ ಕೆಲಸಕ್ಕೆ ಕೈ ಹಾಕಿದರೆ ಬೆಲ್ಟ್ ಒಣಗುವುದು ಅಷ್ಟಮಿಗೇ.

ಪೆಟ್ಟಿಗೆ ಬಿಚ್ಚಿ ಎಣ್ಣೆ ಬಿಡುವ ಬುದ್ಧಿವಂತರು ಇದ್ದಾರೆ. ಎಣ್ಣೆಗೆ ಧೂಳು ಅಂಟಿ ಗೋಲಿಯೇ ಬಟ್ಟಲಿಗೆ ಕಚ್ಚಿಕೊಂಡರೆ ಮುಗಿಯಿತು, ನಿಜವಾದ ಬ್ರೇಕಿನ ದಿನ ಅದು ಏಳುವುದಿಲ್ಲ. ಸ್ಪ್ರಿಂಗಿನ ಮುಚ್ಚಳ ತೆಗೆದರೆ ಮೂರ್ನಾಲ್ಕು ಮಾರು ಉಕ್ಕಿನ ಪಟ್ಟಿ ಮುಖಕ್ಕೆ ಹಾರಬಹುದು. ಈಗಿನ ಎಷ್ಟೋ ಗಾಡಿಗಳಲ್ಲಿ ಅಪಘಾತವಾದ ಕ್ಷಣ ಬೆಲ್ಟನ್ನು ಬಿಗಿಯಲು ಇದೇ ಪೆಟ್ಟಿಗೆಯಲ್ಲಿ ಸಿಡಿಮದ್ದು ಕೂಡ ಇರುತ್ತದೆ. ಅಡುಗೆಮನೆಯ ಮಿಕ್ಸಿ ರಿಪೇರಿ ಮಾಡಿದ ಧೈರ್ಯ ಇಲ್ಲಿ ಸಾಲದು. ಇನ್ನು, ಬೆಲ್ಟ್ ಹಾಕದೆ ಅಲಾರಾಂ ಸುಮ್ಮನಾಗಿಸಲು ಬಕಲಿಗೆ ಬರೀ ಕೊಂಡಿ ಸಿಕ್ಕಿಸುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಸಿಟ್ಟು ಬರುತ್ತದೆ.

ಅತ್ತೆಯ ಮನೆಯ ಏರಿಗೆ ನಾವು ಕಂಡುಕೊಂಡ ಉಪಾಯ ಸರಳ. ಗಾಡಿಯನ್ನು ಅಂಗಳಕ್ಕೇ ಹತ್ತಿಸುವುದು. ಅಲ್ಲಿ ನೆಲ ಮಟ್ಟ. ಎಲ್ಲರೂ ಬೆಲ್ಟ್ ಹಾಕಿಕೊಂಡ ಮೇಲೆ ಇಳಿಯುವುದು, ಆಮೇಲೆ ಗೋಲಿ ಎಷ್ಟು ಎದ್ದರೂ ನಮಗೇನು. ಇಳಿಯುವಾಗ ಕಿವಿಗೊಟ್ಟರೆ ಕಂಬದೊಳಗಿಂದ ಕಟಕಟ ಅಂತ ಸಣ್ಣ ಸದ್ದು ಕೇಳಿಸುತ್ತದೆ. ಮೊದಲೆಲ್ಲ ಯಾವುದೋ ಸ್ಕ್ರೂ ಸಡಿಲವಾಗಿದೆ ಅಂದುಕೊಂಡಿದ್ದೆ. ಮೊನ್ನೆ ಅತ್ತೆಯೇ ಕೇಳಿಸಿಕೊಂಡು, "ನಿಮ್ಮ ಗೋಲಿ ಎದ್ದಿತು ಕಾಣಿ" ಅಂದರು.