ಹದಿನೈದು ದಿನದಲ್ಲಿ ಕರಗುವ ಗಡ್ಡೆ, ಆಮೇಲೆ ಕಾಯುವ ದಿನಗಳು: ಮೆಲನೋಮ ಮಾತ್ರೆಗಳ ಹಿನ್ನೆಲೆ

ಮೆಲನೋಮ ಮೈಯೊಳಗೆ ಹರಡಿದೆ ಎಂದು 2005ರಲ್ಲಿ ಗೊತ್ತಾದ ರೋಗಿಗೆ ಡಾಕ್ಟರು ಕೊಡಬಹುದಾಗಿದ್ದ ಭರವಸೆ ತೀರಾ ಕಡಿಮೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಚರ್ಮದಲ್ಲೇ ಇರುವಾಗ ಕಣ್ಣಿಗೆ ಬಿದ್ದರೆ ಕತ್ತರಿಸಿ ತೆಗೆಯುತ್ತಾರೆ, ಬಹಳಷ್ಟು ಜನ ಗುಣವಾಗುತ್ತಾರೆ. ಶ್ವಾಸಕೋಶಕ್ಕೋ ಲಿವರ್‌ಗೋ ಮಿದುಳಿಗೋ ಹೋದ ಮೇಲೆ ಕಥೆಯೇ ಬೇರೆ. ಡಕಾರ್ಬಜಿನ್ ಎಂಬ ಕೀಮೋ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1975ರಲ್ಲಿ. ಅದರಿಂದ ಗಡ್ಡೆ ಕುಗ್ಗುತ್ತಿದ್ದುದು ಹತ್ತು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ. 1998ರಲ್ಲಿ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಇಂಟರ್‌ಲ್ಯೂಕಿನ್-2 ಎಂಬ ಔಷಧ ಬಂತು. ಕೆಲವೇ ಕೆಲವರಿಗೆ ಅದು ವರ್ಷಗಟ್ಟಲೆ ಬದುಕು ಕೊಟ್ಟಿತು. ಆದರೆ ಆ ಚಿಕಿತ್ಸೆ ತಡೆದುಕೊಳ್ಳಲು ಗಟ್ಟಿ ಹೃದಯ, ಗಟ್ಟಿ ಶ್ವಾಸಕೋಶ ಎರಡೂ ಬೇಕಿತ್ತು. ಒಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ಒಂದು ವರ್ಷ ದಾಟುತ್ತಿರಲಿಲ್ಲ.

ಇವತ್ತು ಹಾಗಿಲ್ಲ. ಗುರಿ ಇಟ್ಟು ಹೊಡೆಯುವ ಮಾತ್ರೆಗಳು ಬಂದಿವೆ. ಈ ಮಾತ್ರೆಗಳ ಕಥೆಯನ್ನು ಸಾಮಾನ್ಯವಾಗಿ ಲ್ಯಾಬ್ ಕಡೆಯಿಂದ ಹೇಳುತ್ತಾರೆ: ಜೀನ್ ಸಿಕ್ಕಿತು, ಔಷಧ ಮಾಡಿದರು, ಒಪ್ಪಿಗೆ ಸಿಕ್ಕಿತು ಅಂತ. ನನಗೆ ಅದು ಅರ್ಧ ಕಥೆ ಅನಿಸುತ್ತದೆ. ಔಷಧ ರೋಗಿಯ ಮೈಗೆ ಹೋದ ಮೇಲೆ ಏನೇನಾಯಿತು, ಅವರು ಬಂದು ಏನು ಹೇಳಿಕೊಂಡರು ಅನ್ನುವುದೇ ಪ್ರತಿ ಸಲ ಮುಂದಿನ ದಾರಿ ತೋರಿಸಿದೆ.

ಮೊದಲು ಆ ಜೀನ್ ವಿಷಯ ಮುಗಿಸಿಬಿಡೋಣ. 2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ತಂಡ ಬೇರೆ ಬೇರೆ ಕ್ಯಾನ್ಸರ್‌ಗಳ ಡಿಎನ್‌ಎ ಜಾಲಾಡುತ್ತಿತ್ತು. ಬಿರಾಫ್ ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರದ ತಪ್ಪು ಮತ್ತೆ ಮತ್ತೆ ಕಂಡಿತು. ಅವರು ನೋಡಿದ ಮೆಲನೋಮ ಮಾದರಿಗಳಲ್ಲಿ ಮೂರರಲ್ಲಿ ಎರಡರಷ್ಟರಲ್ಲಿ ಅದು ಇತ್ತು. ಆಮೇಲಿನ ಅಧ್ಯಯನಗಳಲ್ಲಿ ಲೆಕ್ಕ ಸುಮಾರು ಅರ್ಧಕ್ಕೆ ಇಳಿಯಿತು. ಬಿರಾಫ್ ಪ್ರೋಟೀನ್‌ನಲ್ಲಿ 766 ಅಮೈನೋ ಆಮ್ಲಗಳಿವೆ. 600ನೇ ಜಾಗದಲ್ಲಿ ವ್ಯಾಲಿನ್ ಇರಬೇಕಾದಲ್ಲಿ ಗ್ಲುಟಾಮಿಕ್ ಆಮ್ಲ ಬಂದು ಕೂತರೆ ಅದನ್ನು ವಿ600ಇ ಎನ್ನುತ್ತಾರೆ. ಕೋಶಕ್ಕೆ 'ಬೆಳೆ, ಎರಡಾಗು' ಎಂದು ಹೇಳುವುದು ಈ ಪ್ರೋಟೀನ್‌ನ ಕೆಲಸ. ಹೇಳಿ ಸುಮ್ಮನಾಗಬೇಕು. ಈ ತಪ್ಪಾದರೆ, ಒತ್ತಿದಲ್ಲೇ ಸಿಕ್ಕಿಕೊಂಡ ಕಾಲಿಂಗ್ ಬೆಲ್ಲಿನಂತೆ ಅದು ನಿಲ್ಲುವುದೇ ಇಲ್ಲ.

ಹಾಗಾದರೆ ಬಿರಾಫ್ ತಡೆದರೆ ಆಯಿತಲ್ವಾ? ಎಲ್ಲರಿಗೂ ಹಾಗೆ ಅನಿಸಿರಲಿಲ್ಲ. ಮರುವರ್ಷವೇ ಇನ್ನೊಂದು ವಿಷಯ ಹೊರಬಿತ್ತು. ಯಾವ ತೊಂದರೆಯನ್ನೂ ಕೊಡದ ಮಾಮೂಲಿ ಮಚ್ಚೆಗಳಲ್ಲೂ ಬಹಳಷ್ಟರಲ್ಲಿ ಇದೇ ತಪ್ಪು ಇದೆ! ಮಚ್ಚೆ ಕ್ಯಾನ್ಸರ್ ಅಲ್ಲ. ಅಂದಮೇಲೆ ಇದೇ ಅಪರಾಧಿ ಎಂದು ಹೇಗೆ ಹೇಳುವುದು? ಮೇಲಾಗಿ ಬಿರಾಫ್ ತಡೆಯಬಹುದು ಎಂದು ಮೊದಲು ಕೊಟ್ಟು ನೋಡಿದ ಸೊರಾಫೆನಿಬ್ ಎಂಬ ಔಷಧ ಮೆಲನೋಮದಲ್ಲಿ ಸೋತಿತು. ಅದು ಹತ್ತಾರು ಕಡೆ ಕೈ ಹಾಕುತ್ತಿತ್ತು, ಬೇಕಾದ ಕಡೆ ಹಿಡಿತ ಸಾಲುತ್ತಿರಲಿಲ್ಲ.

ಕ್ಯಾಲಿಫೋರ್ನಿಯಾದ ಪ್ಲೆಕ್ಸಿಕಾನ್ ಎಂಬ ಚಿಕ್ಕ ಕಂಪನಿ ಕೆಟ್ಟ ಬಿರಾಫ್‌ಗೇ ಸರಿಯಾಗಿ ಕೂರುವ ಅಣು ಮಾಡಿತು. ಆಗಿನ ಹೆಸರು ಪಿಎಲ್‌ಎಕ್ಸ್4032. ಆಮೇಲೆ ಅದೇ ವೆಮುರಾಫೆನಿಬ್ ಆಯಿತು. ಕೀತ್ ಫ್ಲಾಹರ್ಟಿ, ಪಾಲ್ ಚಾಪ್‌ಮನ್ ಮೊದಲಾದ ಡಾಕ್ಟರುಗಳು ಇದನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಮೊದಮೊದಲು ಏನೂ ಆಗಲಿಲ್ಲ. ಡೋಸ್ ಏರಿಸಿದರೂ ಔಷಧ ರಕ್ತಕ್ಕೆ ಸೇರುತ್ತಲೇ ಇರಲಿಲ್ಲ, ಹೊಟ್ಟೆಯಿಂದ ಹಾಗೇ ಹೊರಗೆ ಹೋಗುತ್ತಿತ್ತು. ಅಲ್ಲಿಗೇ ಕೈಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಟ್ರಯಲ್ ನಿಲ್ಲಿಸಿ, ಚೆನ್ನಾಗಿ ಹೀರಿಕೊಳ್ಳುವ ರೂಪದಲ್ಲಿ ಅದನ್ನೇ ಮತ್ತೆ ತಯಾರಿಸಿದರು. ಆಮೇಲೆ ನಡೆದಿದ್ದು 2010ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ವಿ600ಇ ಇದ್ದ 32 ರೋಗಿಗಳಿಗೆ ಪೂರ್ತಿ ಡೋಸ್ ಕೊಟ್ಟಿದ್ದರು. ಅವರಲ್ಲಿ 26 ಜನರ ಗಡ್ಡೆಗಳು ಕುಗ್ಗಿದ್ದವು. ಇಬ್ಬರಲ್ಲಿ ಪೂರ್ತಿ ಮಾಯವಾಗಿದ್ದವು.

ಎಷ್ಟು ಬೇಗ ಅನ್ನುವುದು ಇನ್ನೂ ದೊಡ್ಡ ಅಚ್ಚರಿ. ಮಾತ್ರೆ ಶುರುಮಾಡಿ ಹದಿನೈದು ದಿನಕ್ಕೆ ತೆಗೆದ ಪೆಟ್ ಸ್ಕ್ಯಾನ್‌ನಲ್ಲಿ ಮೈತುಂಬ ಇದ್ದ ಕಪ್ಪು ಚುಕ್ಕೆಗಳು, ಅಂದರೆ ಚುರುಕಾಗಿರುವ ಗಡ್ಡೆಗಳು, ಮಸುಕಾಗುತ್ತಿದ್ದವು. ಚರ್ಮದ ಕೆಳಗೆ ಗಂಟುಗಳಿದ್ದವರಿಗೆ ಸ್ಕ್ಯಾನ್ ಕೂಡ ಬೇಕಿರಲಿಲ್ಲ. ಕೈಯಾಡಿಸಿದರೇ ಗೊತ್ತಾಗುತ್ತಿತ್ತು. ನೋವಿಗೆ ಮಾರ್ಫಿನ್ ತೆಗೆದುಕೊಳ್ಳುತ್ತಿದ್ದವರು ಡೋಸ್ ಇಳಿಸಿಕೊಂಡರು, ಹಾಸಿಗೆ ಹಿಡಿದವರು ಎದ್ದು ಓಡಾಡಿದರು. ಬೈಬಲಿನಲ್ಲಿ ಸತ್ತು ಎದ್ದುಬಂದ ಲಾಜರನ ಹೆಸರನ್ನೇ ಡಾಕ್ಟರುಗಳು ಇದಕ್ಕೆ ಇಟ್ಟುಬಿಟ್ಟರು.

ಆದರೂ ಒಪ್ಪಿಗೆ ಸಿಗಬೇಕಾದರೆ ದೊಡ್ಡ ಹೋಲಿಕೆ ಟ್ರಯಲ್ ಆಗಬೇಕಿತ್ತು. 675 ಜನರಲ್ಲಿ ಅರ್ಧದಷ್ಟು ಮಂದಿಗೆ ಹೊಸ ಮಾತ್ರೆ, ಉಳಿದವರಿಗೆ ಅದೇ ಹಳೇ ಡಕಾರ್ಬಜಿನ್. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಇಲ್ಲಿ ರೋಗಿಗಳ ಸಿಟ್ಟು ಹೊರಬಂತು. ಅಮೆರಿಕದಲ್ಲಿ ಇಬ್ಬರು ದಾಯಾದಿ ಸೋದರರು ಇದೇ ಟ್ರಯಲ್ ಸೇರಿದ್ದರು. ಒಬ್ಬನಿಗೆ ಮಾತ್ರೆ ಸಿಕ್ಕಿತು, ಇನ್ನೊಬ್ಬನಿಗೆ ಕೀಮೋ. ಕೀಮೋ ಸಿಕ್ಕಿದವನು ಉಳಿಯಲಿಲ್ಲ. 2010ರಲ್ಲಿ ಈ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಡಾಕ್ಟರುಗಳೇ ಎರಡು ಪಾಳೆಯವಾದರು. ಕೆಲಸ ಮಾಡುವುದಿಲ್ಲ ಎಂದು ಗೊತ್ತಿರುವ ಔಷಧವನ್ನು ಯಾಕೆ ಕೊಡಬೇಕು ಎಂದು ಒಂದು ಕಡೆ. ಗಡ್ಡೆ ಕುಗ್ಗಿದ ಮಾತ್ರಕ್ಕೆ ಆಯಸ್ಸು ಹೆಚ್ಚುತ್ತದೆ ಎಂದು ಹೇಗೆ ನಂಬುವುದು ಎಂದು ಇನ್ನೊಂದು ಕಡೆ. ಎರಡನೆಯ ವಾದವೂ ಪೊಳ್ಳಲ್ಲ, ಕ್ಯಾನ್ಸರ್ ಔಷಧಗಳಲ್ಲಿ ಅಂಥ ಮೋಸ ಎಷ್ಟೋ ಸಲ ಆಗಿದೆ. ಆದರೆ ಚೀಟಿಯ ತಪ್ಪು ಬದಿಗೆ ಬಿದ್ದವರ ಮನೆಯಲ್ಲಿ ಆ ವಾದ ಯಾರು ಹೇಳುತ್ತಾರೆ? ಉತ್ತರ 2011ರಲ್ಲಿ ಬಂತು. ಆರು ತಿಂಗಳ ಹೊತ್ತಿಗೆ ಮಾತ್ರೆ ಗುಂಪಿನಲ್ಲಿ ಶೇಕಡಾ 84 ಮಂದಿ ಬದುಕಿದ್ದರು, ಕೀಮೋ ಗುಂಪಿನಲ್ಲಿ ಶೇಕಡಾ 64. ಕೀಮೋದಲ್ಲಿದ್ದವರಿಗೂ ಮಾತ್ರೆ ಕೊಡಬಹುದು ಎಂದಾಯಿತು. ಅದೇ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಸಂಸ್ಥೆ ಇದನ್ನು ಒಪ್ಪಿತು.

ಇನ್ನು ಮಾತ್ರೆಯ ಜೊತೆಗಿನ ದಿನಚರಿ. ವೆಮುರಾಫೆನಿಬ್ ಪೂರ್ತಿ ಡೋಸ್ ಎಂದರೆ ಬೆಳಗ್ಗೆ ನಾಲ್ಕು, ರಾತ್ರಿ ನಾಲ್ಕು ಮಾತ್ರೆ. ಕೀಮೋ ಅಲ್ಲವಲ್ಲ, ಆರಾಮ ಎಂದುಕೊಂಡು ಶುರುಮಾಡಿದವರಿಗೆ ಮೊದಲ ಪೆಟ್ಟು ಬಿಸಿಲಿನಿಂದ. ಹತ್ತು ನಿಮಿಷ ಹೊರಗೆ ನಿಂತರೆ ಮುಖ ಕೆಂಪಾಗಿ ಸುಡುತ್ತದೆ. ಕಾರಿನ ಕಿಟಕಿಯ ಪಕ್ಕ ಕೂತರೂ ತೋಳು ಬೊಬ್ಬೆ ಏಳಬಹುದು. ಕಾರಣ, ಇಲ್ಲಿ ತೊಂದರೆ ಕೊಡುವುದು ಯುವಿಎ ಕಿರಣ, ಮಾಮೂಲಿ ಗಾಜು ಅದನ್ನು ಪೂರ್ತಿ ತಡೆಯುವುದಿಲ್ಲ. ಕೀಲುಗಳು ಹಿಡಿದುಕೊಳ್ಳುತ್ತವೆ, ಬೆಳಗ್ಗೆ ಬಾಟಲಿ ಮುಚ್ಚಳ ತಿರುಗಿಸುವುದೂ ಕಷ್ಟ. ಅಂಗಾಲಿನಲ್ಲಿ ಭಾರ ಬೀಳುವ ಕಡೆಯೆಲ್ಲ ಚರ್ಮ ದಪ್ಪಗಟ್ಟಿ ನಡೆಯುವಾಗ ಚುಚ್ಚುತ್ತದೆ. ಕೂದಲು ಉದುರಬಹುದು, ಮತ್ತೆ ಬಂದರೆ ಗುಂಗುರಾಗಿ ಬರಬಹುದು. ಕೆಲವರಿಗೆ ಕಾಲಿನಲ್ಲಿ ಚರ್ಮದಡಿ ನೋಯುವ ಗಂಟುಗಳು ಏಳುತ್ತವೆ. ಅದು ಕೊಬ್ಬಿನ ಪದರದ ಉರಿಯೂತ ಅಷ್ಟೇ. ಆದರೆ ಮೆಲನೋಮ ಗಂಟುಗಳನ್ನೇ ನೋಡಿ ಬೆದರಿದವರಿಗೆ ಹೊಸ ಗಂಟು ಕೈಗೆ ತಗುಲಿದರೆ ಆ ರಾತ್ರಿ ನಿದ್ದೆ ಬರುತ್ತದೆಯೇ?

ಇನ್ನೊಂದು ವಿಚಿತ್ರ ಕಂಡಿತು. ಸುಮಾರು ಐವರಲ್ಲಿ ಒಬ್ಬರಿಗೆ ಕೆಲವೇ ವಾರಗಳಲ್ಲಿ ಚರ್ಮದ ಮೇಲೆ ಬೇರೊಂದು ಜಾತಿಯ ಕ್ಯಾನ್ಸರ್ ಏಳುತ್ತಿತ್ತು. ಸ್ಕ್ವಾಮಸ್ ಸೆಲ್ ಎನ್ನುವ ಇದನ್ನು ಸುಲಭವಾಗಿ ಕತ್ತರಿಸಿ ತೆಗೆಯಬಹುದು, ಅಷ್ಟು ಅಪಾಯವಿಲ್ಲ. ಆದರೆ ಕ್ಯಾನ್ಸರ್ ಮಾತ್ರೆಯಿಂದಲೇ ಕ್ಯಾನ್ಸರ್ ಎಂದರೆ ಏನರ್ಥ? ಬಿರಾಫ್ ಕೆಟ್ಟ ಕೋಶದಲ್ಲಿ ಈ ಔಷಧ ಸಂದೇಶವನ್ನು ನಿಲ್ಲಿಸುತ್ತದೆ. ಬಿರಾಫ್ ಸರಿಯಿರುವ ಕೋಶದಲ್ಲಿ, ಅದರಲ್ಲೂ ಸಂದೇಶದ ಸಾಲಿನಲ್ಲಿ ಬಿರಾಫ್‌ಗಿಂತ ಮೇಲಿರುವ ರಾಸ್ ಎಂಬ ಜೀನ್ ಮೊದಲೇ ಕೆಟ್ಟಿದ್ದರೆ, ಉಲ್ಟಾ ಅದೇ ಸಂದೇಶವನ್ನು ಜಾಸ್ತಿ ಮಾಡುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದ ಚರ್ಮದಲ್ಲಿ ಅಂಥ ಕೋಶಗಳು ಸದ್ದಿಲ್ಲದೆ ಕೂತಿರುತ್ತವೆ. ಬಿರಾಫ್ ಪರೀಕ್ಷೆಯ ರಿಪೋರ್ಟ್ ಇಲ್ಲದೆ ಈ ಮಾತ್ರೆ ಬರೆಯುವುದಿಲ್ಲ, ಯಾಕೆ ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ. ತಪ್ಪಾದ ರೋಗಿಗೆ ಕೊಟ್ಟರೆ ಇದು ಕೆಲಸ ಮಾಡದಿರುವುದಷ್ಟೇ ಅಲ್ಲ, ಕೆಡುಕೂ ಮಾಡಬಹುದು.

ಇದೆಲ್ಲವನ್ನೂ ರೋಗಿಗಳು ಸಹಿಸಿಕೊಳ್ಳುತ್ತಿದ್ದರು. ಸಹಿಸಲಾಗದ್ದು ಬೇರೆಯೇ ಇತ್ತು. 2011ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬನೇ ರೋಗಿಯ ಮೂರು ಫೋಟೋ ಬಂದವು. 38 ವರ್ಷದ ಗಂಡಸು. ಮೊದಲ ಫೋಟೋದಲ್ಲಿ ಎದೆ, ಹೊಟ್ಟೆ ತುಂಬ ಚರ್ಮದಡಿ ಉಬ್ಬಿದ ಗಂಟುಗಳು. ಎರಡನೆಯದು ಮಾತ್ರೆ ಶುರುವಾಗಿ 15 ವಾರಕ್ಕೆ ತೆಗೆದದ್ದು, ಮೈ ಬಹುಪಾಲು ನುಣುಪಾಗಿದೆ. ಮೂರನೆಯದು 23ನೇ ವಾರದ್ದು. ಗಂಟುಗಳೆಲ್ಲ ವಾಪಸ್ ಬಂದಿವೆ, ಬಹಳಷ್ಟು ಹಿಂದೆ ಇದ್ದ ಜಾಗದಲ್ಲೇ. ಮೆಲನೋಮ ನೋಡುವ ಡಾಕ್ಟರುಗಳಿಗೆ ಈ ಮೂರು ಫೋಟೋ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದೇ ಮಾತ್ರೆಯಲ್ಲಿದ್ದ ಅರ್ಧದಷ್ಟು ಜನರಿಗೆ ಆರೇಳು ತಿಂಗಳೊಳಗೆ ಹೀಗೇ ಆಗುತ್ತಿತ್ತು. ಕೀಮೋ ಕಾಲದ ರೋಗಿಗೆ ಭರವಸೆಯೇ ಇರಲಿಲ್ಲ. ಇವರಿಗೆ ಭರವಸೆ ಕೈಗೆ ಕೊಟ್ಟು ಕಿತ್ತುಕೊಂಡ ಹಾಗಾಯಿತು. ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಂದು ಸ್ಕ್ಯಾನ್. ಅದು ಹತ್ತಿರ ಬಂದಂತೆ ಮನೆಯವರ ಮಾತೇ ಕಡಿಮೆಯಾಗುತ್ತದೆ. ರಿಪೋರ್ಟ್ ಚೆನ್ನಾಗಿ ಬಂದರೆ ಮುಂದಿನ ಸ್ಕ್ಯಾನ್ ತನಕ ಬಿಡುವು, ಅಷ್ಟೇ.

ಗಡ್ಡೆ ತಪ್ಪಿಸಿಕೊಂಡ ದಾರಿ ಹುಡುಕಿದಾಗ, ಬಹಳ ಸಲ ಬಿರಾಫ್ ಪಕ್ಕದಿಂದ ಅಥವಾ ಕೆಳಗಿನ ಮೆಕ್ ಎಂಬ ಪ್ರೋಟೀನ್ ಮೂಲಕ ಅದೇ ಸಂದೇಶ ಮತ್ತೆ ಹರಿಯುತ್ತಿತ್ತು. ಹಾಗಾದರೆ ಎರಡನ್ನೂ ಒಟ್ಟಿಗೆ ತಡೆಯಿರಿ. 2012ರಲ್ಲಿ ಬಿರಾಫ್ ತಡೆಯುವ ಡಬ್ರಾಫೆನಿಬ್ ಜೊತೆ ಮೆಕ್ ತಡೆಯುವ ಟ್ರಾಮೆಟಿನಿಬ್ ಕೊಟ್ಟಾಗ ರೋಗ ಅಂಕೆಯಲ್ಲಿರುವ ಕಾಲ 5.8 ತಿಂಗಳಿಂದ 9.4 ತಿಂಗಳಿಗೆ ಏರಿತು. ಆ ಚರ್ಮದ ಕ್ಯಾನ್ಸರ್ ಕೂಡ ತುಂಬಾ ಕಡಿಮೆಯಾಯಿತು. ಎರಡು ಔಷಧ ಸೇರಿದರೆ ತೊಂದರೆಯೂ ಎರಡುಪಟ್ಟು ಎಂದುಕೊಂಡವರಿಗೆ ಇದು ಆಶ್ಚರ್ಯ. ಉಲ್ಟಾ ಹೊಡೆಯುತ್ತಿದ್ದ ಸಂದೇಶವನ್ನು ಮೆಕ್ ಔಷಧ ಕೆಳಗೇ ತಡೆಯುತ್ತಿತ್ತು. 2014ರಲ್ಲಿ ಈ ಜೋಡಿಗೆ ಒಪ್ಪಿಗೆ ಸಿಕ್ಕಿತು. ಇಂಥದೇ ಜೋಡಿಗಳಾದ ವೆಮುರಾಫೆನಿಬ್-ಕೋಬಿಮೆಟಿನಿಬ್ 2015ರಲ್ಲಿ, ಎಂಕೊರಾಫೆನಿಬ್-ಬಿನಿಮೆಟಿನಿಬ್ 2018ರಲ್ಲಿ ಬಂದವು.

ಡಬ್ರಾಫೆನಿಬ್ ಜೋಡಿಯ ಗುರುತು ಜ್ವರ. ಅರ್ಧಕ್ಕಿಂತ ಹೆಚ್ಚು ಜನರಿಗೆ ಬರುತ್ತದೆ. ಮೊದಲು ಹಲ್ಲು ಕಡಿಯುವಷ್ಟು ಚಳಿ, ಎರಡು ಕಂಬಳಿ ಹೊದ್ದರೂ ಸಾಲದು. ಆಮೇಲೆ ಮೈ ಕಾದು, ಬೆವತು, ಬಟ್ಟೆ ಹಾಸಿಗೆ ಎಲ್ಲ ಒದ್ದೆ. ಸೋಂಕು ಇರಬೇಕು ಎಂದು ಆಸ್ಪತ್ರೆಗೆ ಸೇರಿಸಿ ಆಂಟಿಬಯಾಟಿಕ್ ಕೊಡುತ್ತಾರೆ. ಸೋಂಕು ಸಿಗುವುದಿಲ್ಲ, ಜ್ವರ ಮತ್ತೆ ಬರುತ್ತದೆ. ಮೊದಮೊದಲು ಡೋಸ್ ಇಳಿಸಿ ನೋಡಿದರು, ಒಂದು ಔಷಧ ಮಾತ್ರ ನಿಲ್ಲಿಸಿ ನೋಡಿದರು. ಕೊನೆಗೆ ಉಳಿದ ನಿಯಮ ಬಹಳ ಸರಳ. ಮೈ ಬಿಸಿ 38 ಡಿಗ್ರಿ ತಲುಪಿದ ಕೂಡಲೇ, ಅಥವಾ ಮತ್ತೆ ಮತ್ತೆ ಜ್ವರ ಕಂಡವರಾದರೆ ಚಳಿ ಶುರುವಾದಾಗಲೇ, ಎರಡೂ ಮಾತ್ರೆ ನಿಲ್ಲಿಸಿ. ಜ್ವರ ಬಿಟ್ಟು 24 ಗಂಟೆ ಆದ ಮೇಲೆ ಪೂರ್ತಿ ಡೋಸ್‌ನಲ್ಲೇ ಶುರುಮಾಡಿ. ಕ್ಯಾನ್ಸರ್ ಮಾತ್ರೆ ಎರಡು ದಿನ ಬಿಟ್ಟರೆ ಗಡ್ಡೆ ಬೆಳೆದುಬಿಡುತ್ತದೇನೋ ಎಂಬ ಹೆದರಿಕೆಯಲ್ಲಿ ಜ್ವರದಲ್ಲೇ ನುಂಗುತ್ತಿದ್ದ ರೋಗಿಗಳಿಗೆ ಇದನ್ನು ಒಪ್ಪಿಸುವುದೇ ಕಷ್ಟದ ಕೆಲಸ. ಜೊತೆಗೆ ಸಣ್ಣಪುಟ್ಟ ಲೆಕ್ಕಗಳಿವೆ. ಟ್ರಾಮೆಟಿನಿಬ್ ಮಾತ್ರೆಯನ್ನು ಫ್ರಿಜ್‌ನಲ್ಲಿ ಇಡಬೇಕು. ಊಟಕ್ಕೆ ಒಂದು ಗಂಟೆ ಮುಂಚೆ ಇಲ್ಲವೇ ಎರಡು ಗಂಟೆ ನಂತರ ನುಂಗಬೇಕು. ಹೃದಯದ ಎಕೋ ಆಗಾಗ ಮಾಡಿಸಬೇಕು. ಕಣ್ಣು ಮಂಜಾದರೆ ಅದೇ ದಿನ ಹೇಳಬೇಕು.

ನಡುನಡುವೆ ಬಿಡುವು ಕೊಟ್ಟರೆ ಗಡ್ಡೆ ಮಾತ್ರೆಗೆ ಒಗ್ಗಿಕೊಳ್ಳುವುದಿಲ್ಲವೇನೋ ಎಂಬ ಆಸೆಯೂ ಇತ್ತು. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಉಪಾಯ. 2020ರಲ್ಲಿ ರೋಗಿಗಳ ಫಲಿತಾಂಶ ಬಂದಾಗ, ವಾರಗಟ್ಟಲೆ ಬಿಟ್ಟು ತೆಗೆದುಕೊಂಡವರಿಗಿಂತ ನಿತ್ಯ ತೆಗೆದುಕೊಂಡವರಲ್ಲೇ ರೋಗ ಹೆಚ್ಚು ಕಾಲ ಅಂಕೆಯಲ್ಲಿತ್ತು. ಜ್ವರಕ್ಕೆ ಒಂದೆರಡು ದಿನ ನಿಲ್ಲಿಸುವುದು ಬೇರೆ, ಇದು ಬೇರೆ.

ಇಷ್ಟರಲ್ಲಿ ಇನ್ನೊಂದು ದಾರಿ ಮುಂದೆ ಹೋಗಿತ್ತು. ದೇಹದ ರೋಗನಿರೋಧಕ ಶಕ್ತಿಯ ಕಟ್ಟು ಬಿಚ್ಚುವ, ಡ್ರಿಪ್‌ನಲ್ಲಿ ಕೊಡುವ ಔಷಧಗಳು ಇವು: ಇಪಿಲಿಮುಮಾಬ್ 2011ರಲ್ಲೂ, ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ 2014ರಲ್ಲೂ ಬಂದವು. ಮಾತ್ರೆಯಷ್ಟು ಬೇಗ ಕೆಲಸ ಮಾಡುವುದಿಲ್ಲ, ಅಷ್ಟು ಜನರಿಗೂ ಮಾಡುವುದಿಲ್ಲ. ಮಾಡಿದರೆ ಬಹಳ ಕಾಲ ನಿಲ್ಲುತ್ತದೆ. ಬಿರಾಫ್‌ನಲ್ಲಿ ಆ ತಪ್ಪು ಇರುವ ರೋಗಿಗೆ ಯಾವುದು ಮೊದಲು? 265 ರೋಗಿಗಳ ಡ್ರೀಮ್‌ಸೀಕ್ ಎಂಬ ಟ್ರಯಲ್ ಇದನ್ನೇ ಕೇಳಿತು. ಇಪಿಲಿಮುಮಾಬ್-ನಿವೊಲುಮಾಬ್ ಜೋಡಿ ಮೊದಲು ಪಡೆದವರಲ್ಲಿ ಎರಡು ವರ್ಷಕ್ಕೆ ಸುಮಾರು ಶೇಕಡಾ 72 ಮಂದಿ ಬದುಕಿದ್ದರು. ಮಾತ್ರೆ ಮೊದಲು ಪಡೆದವರಲ್ಲಿ ಸುಮಾರು ಶೇಕಡಾ 52. ಅಲ್ಲಿಂದೀಚೆಗೆ ಮಾತ್ರೆ ಹೆಚ್ಚಿನವರಿಗೆ ಎರಡನೇ ಸರದಿಯಾಯಿತು. ರೋಗಿಗೆ ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ನೋವಿನಲ್ಲಿರುವಾಗ, ಹದಿನೈದು ದಿನದಲ್ಲಿ ಆರಾಮ ಕೊಡುವ ಮಾತ್ರೆ ಇದೆ ಎಂದು ಗೊತ್ತಿದ್ದೂ, ಕೆಲಸ ಮಾಡುತ್ತೋ ಇಲ್ಲವೋ ಎಂದು ಮೂರು ತಿಂಗಳು ಕಾಯುವ ಡ್ರಿಪ್‌ಗೆ ಕೈ ಚಾಚಬೇಕು. ಹಾಗಂತ ಎಲ್ಲರಿಗೂ ಅದೇ ಸರಿ ಅಂತಲೂ ಅಲ್ಲ. ರೋಗ ವಾರವಾರಕ್ಕೆ ಏರುತ್ತಿದ್ದರೆ, ಲಿವರ್ ಸೋಲುತ್ತಿದ್ದರೆ, ಇಮ್ಯೂನ್ ಚಿಕಿತ್ಸೆ ತಡೆಯಲಾಗದ ಕಾಯಿಲೆ ಮೊದಲೇ ಇದ್ದರೆ ಈಗಲೂ ಮೊದಲ ಆಯ್ಕೆ ಮಾತ್ರೆಯೇ.

ಇನ್ನೊಂದು ಗುಂಪಿನ ಬಗ್ಗೆ ಜಾಸ್ತಿ ಮಾತಾಡುವವರಿಲ್ಲ. ಡಬ್ರಾಫೆನಿಬ್-ಟ್ರಾಮೆಟಿನಿಬ್ ಜೋಡಿಯಿಂದ ಚಿಕಿತ್ಸೆ ಶುರುಮಾಡಿದ 563 ಜನರ ಐದು ವರ್ಷದ ಲೆಕ್ಕ 2019ರಲ್ಲಿ ಬಂತು. ಶೇಕಡಾ 34 ಮಂದಿ ಬದುಕಿದ್ದರು. ಶೇಕಡಾ 19 ಮಂದಿಯಲ್ಲಿ ರೋಗ ಮತ್ತೆ ತಲೆಯೆತ್ತಿರಲೇ ಇಲ್ಲ. ಶುರುವಿನಲ್ಲೇ ಗಡ್ಡೆ ಕಡಿಮೆ ಇದ್ದವರು, ರೋಗ ಹೆಚ್ಚಿದ್ದರೆ ರಕ್ತದಲ್ಲಿ ಏರುವ ಎಲ್‌ಡಿಎಚ್ ಎಂಬ ಕಿಣ್ವ ಸರಿಯಿದ್ದವರು ಇವರಲ್ಲಿ ಹೆಚ್ಚು. ಸ್ಕ್ಯಾನ್ ವರ್ಷಗಳಿಂದ ಶುಭ್ರ. ಆದರೂ ಜ್ವರ, ಸುಸ್ತು, ಕೀಲುನೋವು ಬಿಟ್ಟಿಲ್ಲ. ಇಂಥವರು ಡಾಕ್ಟರ ಮುಂದೆ ಕೂತು ಕೇಳುವುದು ಒಂದೇ: ಇನ್ನು ನಿಲ್ಲಿಸಬಹುದಾ? ನಿಲ್ಲಿಸಿದವರಲ್ಲಿ ಕೆಲವರು ಚೆನ್ನಾಗಿದ್ದಾರೆ, ಕೆಲವರಲ್ಲಿ ರೋಗ ಮರಳಿದೆ. ಮರಳಿದವರಲ್ಲೂ ಹಲವರಿಗೆ ಅದೇ ಮಾತ್ರೆ ಮತ್ತೆ ಹಿಡಿದಿದೆ. ರೋಗ ಏರುವ ತನಕ ಅಥವಾ ಮೈ ತಡೆಯುವ ತನಕ ಬಿಡಬೇಡಿ ಎನ್ನುವುದೇ ಸದ್ಯಕ್ಕೆ ಮಾಮೂಲಿ ಸಲಹೆ. ತಡೆಯಲಾರೆ ಎಂದು ರೋಗಿಯೇ ಹೇಳಿದಾಗ, ಡೋಸ್ ಇಳಿಸುವುದೋ, ಜೋಡಿ ಬದಲಿಸುವುದೋ, ನಿಲ್ಲಿಸಿ ಸ್ಕ್ಯಾನ್ ಮಾಡುತ್ತಾ ಇರುವುದೋ ಎಂದು ಇಬ್ಬರೂ ಕೂತು ತೀರ್ಮಾನಿಸುತ್ತಾರೆ.